ಹದ್ದುಗಲ್ಲಿಗೆ ಮೊದಲ ಕರೆಯೋಲೆ

ಬೆಳಿಗ್ಗೆ ಎದ್ದಾಗಿನಿಂದ ಪಿಳ್ಳಮ್ಮನ ನಾಲಿಗೆಯ ತುದಿಯಲ್ಲಿ ಒಂದು ಹೆಸರು ಬಂದು ಕೂತುಬಿಟ್ಟಿತ್ತು. ಹಲ್ಲುಪುಡಿಯ ಜೊತೆ ಉಗಿದರೆ ಹೋಗಲಿಲ್ಲ, ಕಾಫಿಯ ಜೊತೆ ನುಂಗಿದರೆ ಇಳಿಯಲಿಲ್ಲ. ಮಗ ಗೌರೀಶ ಕಾರಿನ ಕೀ ಸಿಗದೆ ತ್ಯಾಗರಾಜನಗರದ ಆ ಮನೆಯನ್ನು ರಣರಂಗ ಮಾಡುತ್ತಿದ್ದ. ಅವನ ಮಗಳು ಯಶಶ್ರೀ, ಮದುವಣಗಿತ್ತಿ, ತಲೆಗೆ ಟವೆಲ್ ಸುತ್ತಿಕೊಂಡು ಕನ್ನಡಿಯ ಮುಂದೆ ಅರ್ಧ ಯುಗ ಕಳೆದಿದ್ದಳು. ಸೋಫಾದ ಮೂಲೆಯಲ್ಲಿ, ಮಡಿಲಲ್ಲಿ ಮುತ್ತುಗದ ಎಲೆಯ ಕಟ್ಟು ಇಟ್ಟುಕೊಂಡು, ಪಿಳ್ಳಮ್ಮ ತುಟಿ ಬಿಗಿದು ಕೂತಿದ್ದಳು. ಅವಳು ತುಟಿ ಬಿಗಿದದ್ದನ್ನು ಆ ಮನೆಯ ಗೋಡೆಗಳೂ ನೋಡಿರಲಿಲ್ಲ. ಒಂದು ಲೋಟ ನೀರು ಕೇಳುವುದಕ್ಕೂ ಹಿಂದೊಂದು ಮುಂದೊಂದು ಕಥೆ ಸೇರಿಸುವವಳು ಅವಳು. ಬೀದಿ ಕೊನೆಯಲ್ಲಿ ನಾಯಿ ಬೊಗಳಿದರೆ ಅವಳ ಬಾಯಲ್ಲಿ ಅದು ಚಿರತೆಯಾಗಿ, ಮಧ್ಯಾಹ್ನದ ಹೊತ್ತಿಗೆ ಮರಿ ಹಾಕಿರುತ್ತಿತ್ತು.

"ಯಾಕವ್ವ, ಹುಷಾರಿಲ್ವಾ?" ಎಂದ ಗೌರೀಶ.

"ನಂಗೇನೋ ದಾಡಿ. ಕೀ ನಿನ್ನ ಜೇಬಲ್ಲೇ ಐತೆ ನೋಡ್ಕೊ. ನೀನು ಹುಟ್ದಾಗ ತಲೆ ಮುಟ್ಟಿ ಸೂಲಗಿತ್ತಿ ಅಂದಿದ್ಲು, ಕೊಡ ದೊಡ್ಡದು, ನೀರಿಲ್ಲ ಅಂತ."

ಕೀ ಜೇಬಲ್ಲೇ ಇತ್ತು. ಯಶಶ್ರೀ ಒಳಗಿಂದ ನಕ್ಕಳು. ಆ ನಗು ಕೇಳಿ ಪಿಳ್ಳಮ್ಮ ಮಡಿಲಿನ ಎಲೆಯ ಕಟ್ಟನ್ನು ಹತ್ತಿರಕ್ಕೆ ಎಳೆದುಕೊಂಡಳು, ಯಾಕೆಂದರೆ ಇವತ್ತು ನಡೆಯುವುದೆಲ್ಲ ಈ ನಗುವಿಗಾಗಿ.

ಅವರ ಕುಲದಲ್ಲಿ ಮದುವೆಯ ಮೊದಲ ಕರೆಯೋಲೆ ದೇವರಿಗಲ್ಲ, ಸತ್ತವರಿಗೆ. ಚಿಕ್ಕಬಳ್ಳಾಪುರದ ಆಚೆ ಹದ್ದುಗಲ್ಲು ಎಂಬ ಬೆಟ್ಟದ ನಡುಹೊಟ್ಟೆಯಲ್ಲಿ, ಬಂಡೆಗೆ ಬೆನ್ನು ಕೊಟ್ಟು ನಿಂತ ಕಲ್ಲುಚಪ್ಪಡಿಯ ಮನೆಯೊಂದಿದೆ. ಮನೆತನವೆಲ್ಲ ಹುಟ್ಟಿ ಹಬ್ಬಿದ್ದು ಅಲ್ಲಿಂದ. ಈಗ ಅಲ್ಲಿ ಯಾರೂ ಇಲ್ಲ. ಬೆಟ್ಟದ ಕೆಳಗಿನ ಊರಿನಲ್ಲಿರುವ ಮೈದುನ ರಾಮಾಂಜಿನಪ್ಪ ಅಮಾವಾಸ್ಯೆಗೊಮ್ಮೆ ಹತ್ತಿ ಕಸ ಗುಡಿಸಿ ಬರುತ್ತಾನೆ. ಮದುವೆ ಗೊತ್ತಾದರೆ ಆ ಮನೆಯ ಒಲೆಯ ಮುಂದೆ ಹಿರಿಸೊಸೆ ಕೂತು, ಸತ್ತವರನ್ನು ಒಬ್ಬೊಬ್ಬರನ್ನಾಗಿ ಹೆಸರು ಹಿಡಿದು ಮದುವೆಗೆ ಕರೆಯಬೇಕು. ಹೆಸರಿಗೊಂದು ಎಲೆ, ಎಲೆಗೊಂದು ತುತ್ತು. ಆಮೇಲೆ ಬಾಗಿಲೆಳೆದು ಎಲ್ಲರೂ ಹೊರಗೆ ಬೆನ್ನು ಮಾಡಿ ಕೂರಬೇಕು. ಕರೆದವರು ಬಂದು ಉಣ್ಣುತ್ತಾರೆ. ಸತ್ತವರಲ್ಲಿ ಒಬ್ಬರನ್ನು ಬಿಟ್ಟರೂ ಮದುವೆ ಮುರಿಯುತ್ತದೆ. ಧಾರೆಗೂ ಹಸೆಗೂ ಬೇಡವಾದ ವಿಧವೆ ಈ ಒಂದು ಕೆಲಸಕ್ಕೆ ಬೇಕು. "ಸತ್ತೋರಿಗೆ ಮುಂಡೆ ಕಂಡ್ರೆ ಹೇಸಿಗೆ ಇಲ್ಲ ಕಣ್ರವ್ವಾ, ಅವ್ರೇ ತಾನೆ ನನ್ನ ಮುಂಡೆ ಮಾಡಿದ್ದು" ಎಂದು ಪಿಳ್ಳಮ್ಮ ನೆಂಟರ ನಡುವೆ ನಗಾಡುತ್ತಿದ್ದಳು. ನೆಂಟರು ನಗಬಹುದೋ ಬಾರದೋ ಎಂದು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು.

ಬದುಕಿರುವವರ ಹೆಸರನ್ನು ಮಾತ್ರ ಆ ಒಲೆಯ ಮುಂದೆ ಹಿಡಿಯಬಾರದು. ಹಿಂದೆ ಯಾರೋ ಬಾಯಿತಪ್ಪಿ ಬದುಕಿದ್ದ ಒಬ್ಬನನ್ನು ಕರೆದುಬಿಟ್ಟರಂತೆ, ಅವನು ಹಾಸಿಗೆ ಹಿಡಿದನಂತೆ. ಅತ್ತೆ ಹೇಳಿದ್ದು ಇಷ್ಟೇ. ಆ ಕಥೆಗೆ ಉಪ್ಪು ಖಾರ ಹಾಕಿದವಳು ಪಿಳ್ಳಮ್ಮನೇ. ಅವಳ ಬಾಯಲ್ಲಿ ಅವನು ಗಾಡಿ ಬೆಟ್ಟ ಇಳಿಯುವ ಮೊದಲೇ ಸತ್ತ. ಮುಂದಿನ ಸಲ ರಕ್ತ ಕಾರಿ ಸತ್ತ. ಅದರ ಮುಂದಿನ ಸಲ ಚಿತೆಯ ಮೇಲೆ ಎದ್ದು ಕೂತು "ಯಾರು ಕರೆದಿದ್ದು" ಎಂದು ಕೇಳಿದ. ಮಕ್ಕಳು ಹೆದರಿ ಸೆರಗಿನೊಳಗೆ ನುಗ್ಗಿದರೆ ಅವಳಿಗೆ ಖುಷಿ. ಅವಳೇ ಸಾಕಿ ಬೆಳೆಸಿದ ಆ ಹೆಣ ಈಗ ಅವಳ ಪಕ್ಕದಲ್ಲೇ ಸೋಫಾದ ಮೇಲೆ ಕೂತಿತ್ತು.

ನಾಲಿಗೆಯ ತುದಿಯ ಹೆಸರು ಶಿವಕುಮಾರಿ. ಪಿಳ್ಳಮ್ಮನ ಮಗಳು, ಗೌರೀಶನ ತಂಗಿ. ಟೈಫಾಯಿಡ್ ಬಂದು ಸತ್ತಳು ಎಂದು ಲೋಕಕ್ಕೆಲ್ಲ ಗೊತ್ತು, ಯಶಶ್ರೀಗೂ ಗೊತ್ತು, ಬೀಗರಾಗುವವರಿಗೂ ಗೊತ್ತು. ಸತ್ತವಳಿಗೆ ತಿಥಿಯೂ ಆಗಿದೆ. ಈ ಹೊತ್ತಿಗೆ ಸತ್ತವಳು ಚಾಮರಾಜಪೇಟೆಯ ಒಂದು ಅಡ್ಡರಸ್ತೆಯಲ್ಲಿ ಮಾವನಿಗೆ ದೋಸೆ ಹುಯ್ದು ಕೊಟ್ಟು, ಕಚೇರಿಗೆ ಹೊತ್ತಾಯಿತೆಂದು ಜಡೆ ಹೆಣೆದುಕೊಳ್ಳುತ್ತಿರಬೇಕು.

ಕಾರು ಗಾಂಧಿಬಜಾರ್ ದಾಟಿ ಚಾಮರಾಜಪೇಟೆಯ ಮೇಲೇ ಹೋಯಿತು. ಸುಲ್ತಾನ್‌ಪೇಟೆಯ ಅಂಗಡಿಯಲ್ಲಿ ಅಚ್ಚಾದ ಲಗ್ನಪತ್ರಿಕೆಯ ಕಟ್ಟು ಎತ್ತಿಕೊಳ್ಳಬೇಕಿತ್ತು. ಮೊದಲ ಪತ್ರಿಕೆ ಒಲೆಯ ಮುಂದೆ ಇಡುವುದಕ್ಕೆ ಬೇಕು. ಆ ಅಡ್ಡರಸ್ತೆಯ ಬಾಯಿ ಬಂದಾಗ ಪಿಳ್ಳಮ್ಮ ರೂಢಿಯಂತೆ ಇನ್ನೊಂದು ಕಿಟಕಿಯ ಕಡೆ ಮುಖ ತಿರುಗಿಸಿದಳು. ಗೌರೀಶ ರೂಢಿಯಂತೆ ಹಾರನ್ ಬಾರಿಸಿದ. ತಾಯಿ ಮಗ ಇಬ್ಬರೂ ಆ ರಸ್ತೆಯನ್ನು ನೋಡದೆ ದಾಟುವುದರಲ್ಲಿ ಪಳಗಿಹೋಗಿದ್ದರು. ಪತ್ರಿಕೆಯ ಅಂಗಡಿಯಿಂದ ಬಂದ ಯಶಶ್ರೀ ಒಂದನ್ನು ಅಜ್ಜಿಯ ಕೈಗಿಟ್ಟು, "ನೋಡಿ ಅಜ್ಜಿ, ನಿಮ್ಮ ಹೆಸರು ಮೊದಲನೇದು," ಎಂದಳು. ಪಿಳ್ಳಮ್ಮನಿಗೆ ಓದು ಬರದು. ತನ್ನ ಹೆಸರಿನ ಆಕಾರ ಮಾತ್ರ ಗೊತ್ತು. ಬಂಗಾರದ ಅಕ್ಷರದ ಮೇಲೆ ಬೆರಳಾಡಿಸಿದಳು. "ಇದ್ಯಾಕೆ ಇಷ್ಟು ದಪ್ಪ? ಮದ್ವೆ ಕಾಗ್ದಾನೋ ಕೂರೋ ಮಣೇನೋ? ಬಂದೋರು ಕುಂಡಿ ಕೆಳ್ಗೆ ಹಾಕ್ಕೊಂಡು ಉಣ್ಲಿ ಅಂತಾನಾ?" ಹುಡುಗಿ ನಕ್ಕು ಅಜ್ಜಿಯ ಭುಜಕ್ಕೆ ತಲೆ ಇಟ್ಟಳು. ಹೋದ ವರ್ಷ ನಿಶ್ಚಿತಾರ್ಥ ಮುರಿದುಬಿದ್ದಾಗಲೂ ಹೀಗೇ ಇಟ್ಟಿದ್ದಳು, ಆದರೆ ಆಗ ಭುಜ ಒದ್ದೆಯಾಗಿತ್ತು. ಮುರಿದದ್ದಕ್ಕೆ ಹುಡುಗನ ಕಡೆಯವರು ಹೇಳಿದ್ದು ಜಾತಕ. ರಾಮಾಂಜಿನಪ್ಪ ಹೇಳಿದ್ದು ಅತ್ತಿಗೆಯ ಮಂಡಿನೋವು. ಆ ಸಲ ಮಂಡಿ ನೋವೆಂದು ಪಿಳ್ಳಮ್ಮ ಬೆಟ್ಟ ಹತ್ತಲಿಲ್ಲ, ಹಿರಿಯರನ್ನು ಕರೆಯಲಿಲ್ಲ. ಮಂಡಿಗೇನೂ ಆಗಿರಲಿಲ್ಲ. ಮಗಳ ಹೆಸರು ಕರೆಯಬೇಕಾದೀತೆಂದು ಮಂಡಿಗೆ ಎಣ್ಣೆ ಹಚ್ಚಿ ಬಟ್ಟೆ ಸುತ್ತಿ ಕುಂಟಿದ್ದಳು. ಆಮೇಲೆ ಹುಡುಗಿ ಊಟ ಬಿಟ್ಟು ಕೋಣೆ ಸೇರಿದಾಗ ನಿಜವಾಗಿಯೇ ಮಂಡಿ ನೋಯತೊಡಗಿತ್ತು.

ಹೆಬ್ಬಾಳ ದಾಟಿದ ಮೇಲೆ ಚಳಿಗಾಳಿ. ಯಶಶ್ರೀ ನಿದ್ದೆ ಹೋದಳು. ಪಿಳ್ಳಮ್ಮ ಕಣ್ಣು ಮುಚ್ಚಿದರೆ ಅವರೆಕಾಯಿಯ ಸೊಗಡು. ಹೋದ ಗುರುವಾರ ಗಾಂಧಿಬಜಾರಿನಲ್ಲಿ ಅವರೆಕಾಯಿಯ ರಾಶಿಯ ಮುಂದೆ ಅವಳೂ ಶಿವಕುಮಾರಿಯೂ ಅಕ್ಕಪಕ್ಕ ಕುಕ್ಕುರುಗಾಲಲ್ಲಿ ಕೂತಿದ್ದರು. ಗುರುವಾರ ಸಿಗುವುದು ಎಂದು ಇಬ್ಬರೂ ಎಂದೂ ಬಾಯಿಬಿಟ್ಟು ಗೊತ್ತುಮಾಡಿದ್ದಲ್ಲ. ಗಂಡ ತೀರಿಕೊಂಡ ವರ್ಷ ಒಂದು ದಿನ ಇದೇ ರಾಶಿಯಲ್ಲಿ ಅವಳ ಕೈ ಪಕ್ಕ ಇನ್ನೊಂದು ಕೈ ಬಂತು; ಕಾಯಿಯ ಬೆನ್ನು ಹಿಸುಕಿ ನೋಡುವ ರೀತಿ ತನ್ನದೇ. ತಲೆ ಎತ್ತದೆಯೇ ಗೊತ್ತಾಯಿತು. ಅಂದಿನಿಂದ ಹೀಗೆ: ಒಬ್ಬರ ಮುಖ ಒಬ್ಬರು ನೋಡದೆ, ಕಾಯಿಗೆ ಮಾತಾಡಿದ ಹಾಗೆ ಮಾತಾಡುವುದು. ಅವರೆ ಕಾಲದಲ್ಲಿ ಮಾತು ಜಾಸ್ತಿ, ಒಂದೊಂದೇ ಆರಿಸಬಹುದು. ಕುಂಬಳಕಾಯಿ ಕಾಲದಲ್ಲಿ ಎರಡು ಮಾತಿಗೆ ಮುಗಿಯುತ್ತದೆ. ಯಾರಾದರೂ ಪರಿಚಯದವರು ಬಂದರೆ ಶಿವಕುಮಾರಿ "ಸ್ವಲ್ಪ ಸರೀರಿ ಅಮ್ಮ" ಎಂದು ಅಪರಿಚಿತಳ ದನಿಯಲ್ಲಿ ಹೇಳುತ್ತಾಳೆ. ಆ 'ಅಮ್ಮ' ಕೇಳುವುದಕ್ಕಾಗಿ ಪಿಳ್ಳಮ್ಮ ಒಂದೊಂದು ಸಲ ಪರಿಚಯದವರು ಬರಲಿ ಎಂದುಕೊಳ್ಳುತ್ತಾಳೆ. ಫೋನ್ ನಂಬರ್ ಮಗಳು ಕೊಟ್ಟಿಲ್ಲ. "ನಿನ್ನ ಫೋನು ಅಣ್ಣ ನೋಡ್ತಾನೆ. ಬ್ಯಾಡ."

"ಯಶು ಮದ್ವೆ ಅಂತೆ," ಎಂದಿದ್ದಳು ಶಿವಕುಮಾರಿ, ಒಂದು ಹುಳುಕುಕಾಯಿ ಎಸೆಯುತ್ತ.

"ಹೂಂ ಕಣೇ. ಹುಡ್ಗ ಎತ್ರ ಎಂಗವ್ನೆ ಅಂದ್ರೆ, ಬಾಗ್ಲಿಗೆ ಬಂದ್ರೆ ಬೆಳಕೇ ಬರಲ್ಲ ಮನೆಯೊಳ್ಗೆ. ಮೂಗೊಂದು ಇನ್ನೂ ಹಿಂದೆ ಬಸ್ಸಲ್ಲಿ ಬರ್ತಾ ಐತೆ."

ಮಗಳು ನಗಲಿಲ್ಲ. "ಹದ್ದುಗಲ್ಲಿಗೆ ಹೋಗ್ತೀರಾ?"

"ಹೋಗ್ಬೇಕಲ್ಲ."

ಮಗಳು ಇನ್ನೆರಡು ಕಾಯಿ ಹಿಸುಕಿ ನೋಡಿ ಚೀಲಕ್ಕೆ ಹಾಕಿದಳು. ಆಮೇಲೆ ಶಿವಕುಮಾರಿ, ಅದೇ ದನಿಯಲ್ಲಿ, "ಅವ್ವ, ನನ್ನ ಹೆಸ್ರು ಕರೀಬ್ಯಾಡ. ನಾನು ಅದ್ನೆಲ್ಲ ನಂಬಲ್ಲ. ನಮ್ಮನೇಲಿ ಯಾರೂ ನಂಬಲ್ಲ. ಆದ್ರೂ ಕರೀಬ್ಯಾಡ. ನಿನ್ನ ಹತ್ರ ಇದೊಂದೇ ಕೇಳೋದು," ಎಂದಳು.

"ಅಯ್ಯೋ ನಿನ್ ಮಕ್ಕೆ ಹೊಗೆ ಹಾಕ, ನಾನು ಕರೀತೀನಾ? ಹೆತ್ತೋಳು! ನಾಲ್ಗೆ ಕಿತ್ತು ನಾಯಿಗೆ ಹಾಕ್ತೀನೇ ಹೊರ್ತು ಕರೀತೀನಾ? ಬೆಟ್ಟ ಬಂದು ಎದೆ ಮೇಲೆ ಕೂತ್ಕೊಳ್ಳಿ, ಆ ಒಲೆ ಎದ್ದು ಓಡಾಡ್ಲಿ, ನಾನು ಬಾಯಿ ಬಿಡ್ತೀನಾ ನೋಡು!" ಅವರೆಕಾಯಿಯವಳು ತಿರುಗಿ ನೋಡುವಷ್ಟು ಜೋರಾಗಿ ಹೇಳಿದ್ದಳು ಪಿಳ್ಳಮ್ಮ. ಮಗಳ ತುಟಿಯ ಕೊನೆ ಆಗ ಒಂದಿಷ್ಟು ಬಿಚ್ಚಿತ್ತು. ಅವ್ವ ಉದ್ದಕ್ಕೆ ಹೇಳಿದರೆ ಅದು ನಿಜ ಎಂದು ಅವಳಿಗೆ ಚಿಕ್ಕಂದಿನಿಂದ ಗೊತ್ತು.

ಹದ್ದುಗಲ್ಲಿನ ಅರ್ಧದವರೆಗೆ ಈಗ ಕಾರು ಹೋಗುತ್ತದೆ. ಆಮೇಲೆ ಬಂಡೆಯಲ್ಲಿ ಕಡಿದ ಮೆಟ್ಟಿಲು, ಎರಡೂ ಕಡೆ ಒಣಗಿದ ಸೀತಾಫಲದ ಗಿಡ, ಎಲ್ಲೆಲ್ಲೂ ಕೋತಿ. ರಾಮಾಂಜಿನಪ್ಪ ಮೊದಲೇ ಬಂದು ಮುದ್ದೆ, ಅವರೆಬೇಳೆ ಹುಳಿ ಮಾಡಿ ಒಲೆಯ ಪಕ್ಕ ಇಟ್ಟಿದ್ದ. ತೆಳ್ಳಗಿನ ಮುದುಕ, ಹೆಗಲ ಮೇಲೆ ಟವೆಲ್. ಅತ್ತಿಗೆಯನ್ನು ಕಂಡೊಡನೆ, "ಬಂದ್ರಾ ಅತ್ಗೆ, ಈ ಸಲ ಮಂಡಿ ಸರ್ಯಾಗೈತಾ?" ಎಂದ.

"ನನ್ನ ಮಂಡಿ ಸರಿ ಐತೆ ಕಣಪ್ಪ. ನಿನ್ನ ಬಾಯಿ ಸೊಟ್ಟಗಿರೋದು ಮಾತ್ರ ಸರಿ ಹೋಗ್ಲಿಲ್ಲ," ಎಂದಳು. ಹಾಗೆನ್ನುತ್ತಲೇ ಅಂಗಳದಲ್ಲಿ ಕಾಲಿಟ್ಟಳು. ಇದೇ ಅಂಗಳ. ಇಲ್ಲಿ, ಈ ಕಲ್ಲಿನ ಪಕ್ಕ, ಗಂಡ ತಲೆ ಬೋಳಿಸಿಕೊಂಡು ಕೂತಿದ್ದ. ಶಿವಕುಮಾರಿ ಕಚೇರಿಯಲ್ಲಿ ಪಕ್ಕದ ಮೇಜಿನ ಚಿದಂಬರನನ್ನು ಮದುವೆಯಾಗಿ ಬಂದಿದ್ದಳು. ಈ ಮನೆಯ ಮುಂದಿನ ಬಂಡೆಯ ನೆರಳನ್ನೂ ತುಳಿಯಬಾರದೆಂದು ದೂರವಿಟ್ಟಿದ್ದ ಕೇರಿಯ ಕುಲದವನು ಅವನು. "ಸತ್ಲು ಅನ್ಕೊಂಡು ಮುಗಿಸ್ಬಿಡಾಣ," ಎಂದಿದ್ದ ಗಂಡ. ಸತ್ತವಳಿಗೆ ಹೆಣ ಬೇಕಲ್ಲ. ರಾಗಿಹಿಟ್ಟಿನಲ್ಲಿ ಗೊಂಬೆ ಮಾಡಿ ಸುಡಬೇಕೆಂದರು. ಗಂಡಸರು ಕಲಸಿದ ಹಿಟ್ಟು ಬಿರಿಬಿರಿ ಬಿರಿಯುತ್ತಿತ್ತು. ಕೊಡಿ ಇಲ್ಲಿ ಎಂದು ಪಿಳ್ಳಮ್ಮನೇ ಬಿಸಿನೀರು ಹಾಕಿ ನಾದಿದಳು. ಅಳುತ್ತಲೇ ನಾದಿದಳು, ಆದರೆ ಚೆನ್ನಾಗಿ ನಾದಿದಳು. ಕೈ ಕಾಲು ಬಂತು, ಜಡೆ ಬಂತು. ಮೂಗಿನ ಎಡಗಡೆ ಉಗುರಿನಲ್ಲಿ ಚುಚ್ಚಿ ಮೂಗುಬೊಟ್ಟಿನ ಗುರುತು ಮಾಡಿದಳು. ನೆರೆದವರಲ್ಲಿ ಒಬ್ಬಳು "ಎಷ್ಟು ಚೆಂದ ಮಾಡವ್ರೆ, ಅವ್ಳಂಗೇ ಐತೆ" ಎಂದಳು. ಆ ಕ್ಷಣ, ಎದೆ ಹರಿಯುತ್ತಿದ್ದ ಆ ಕ್ಷಣದಲ್ಲೂ, ಒಳಗೆಲ್ಲೋ ಒಂದು ಮೂಲೆ ಹಿಗ್ಗಿತ್ತು. ಗಂಡನನ್ನು ಕ್ಷಮಿಸಿದ್ದಾಳೆ, ಮೈದುನನನ್ನೂ ಕ್ಷಮಿಸಿದ್ದಾಳೆ. ಹಿಗ್ಗಿದ ಆ ಮೂಲೆಯನ್ನು ಏನು ಮಾಡಬೇಕೋ ಅವಳಿಗೆ ಇನ್ನೂ ಗೊತ್ತಾಗಿಲ್ಲ.

ಒಳಗೆ ಕತ್ತಲು. ಚಾವಣಿಯ ಒಂದು ಚಪ್ಪಡಿ ಸರಿದು ಕೈಯಗಲದ ಬೆಳಕು ಬಿದ್ದಿತ್ತು. ಒಲೆಗುಂಡುಗಳ ಮುಂದೆ ಪಿಳ್ಳಮ್ಮ ಕೂತಳು. ಹಿಂದೆ ಗೌರೀಶ, ಯಶಶ್ರೀ, ರಾಮಾಂಜಿನಪ್ಪ ನಿಂತರು. ಲಗ್ನಪತ್ರಿಕೆಯ ಮೂಲೆಗೆ ಅರಿಶಿನ ಹಚ್ಚಿ ಒಲೆಯ ಮುಂದಿಟ್ಟಳು. ಎಲೆ ಹಾಸಿ, ತುತ್ತಿಟ್ಟು ಕರೆಯತೊಡಗಿದಳು. ಮಾವ, ಅತ್ತೆ, ಹೆರಿಗೆಯಲ್ಲಿ ಹೋದ ನಾದಿನಿ, ಹಾವು ಕಚ್ಚಿದ ದೊಡ್ಡಮಾವ. "ಬನ್ರಪ್ಪಾ, ಯಶಶ್ರೀ ಮದ್ವೆ, ಬಂದು ಉಂಡು ಹರ್ಸಿ ಹೋಗಿ." ಗಂಡನ ಹೆಸರು ಬಂದಾಗ ನಾಲಿಗೆ ತಡವರಿಸಿತು, ಬದುಕಿದ್ದಾಗ ಒಂದು ದಿನವೂ ಹಿಡಿಯದ ಹೆಸರು. "ಚನ್ನರಾಯಪ್ಪನೋರೇ, ನೀವೂ ಬನ್ನಿ. ಹುಳಿಗೆ ಉಪ್ಪು ಕಮ್ಮಿ ಅಂತ ಅಲ್ಲಿ ಕಿರುಚಬ್ಯಾಡಿ, ನಿಮ್ಮ ತಮ್ಮ ಮಾಡಿರೋದು." ಯಶಶ್ರೀ ಕಿಸಕ್ಕೆಂದಳು. ಅಲ್ಲಿಗೆ ನಿಲ್ಲಿಸಿ ಪಿಳ್ಳಮ್ಮ ಕೈಮುಗಿದು ಏಳುವುದಕ್ಕೆ ನೆಲಕ್ಕೆ ಕೈಯೂರಿದಳು. ಒಂದು ಎಲೆ ಮಡಿಲಲ್ಲಿ ಉಳಿದಿತ್ತು. ಸೆರಗಿನಲ್ಲಿ ಮುಚ್ಚಿಕೊಂಡಳು.

"ಅತ್ಗೆ," ಎಂದ ರಾಮಾಂಜಿನಪ್ಪ. "ಇನ್ನೊಂದು ಐತೆ."

"ಆಯ್ತಲ್ಲ. ಎಲ್ಲಾ ಆಯ್ತು."

"ತಿಥಿ ಮಾಡಿರೋ ಜೀವ. ಬಿಟ್ರೆ ಏನಾಯ್ತದೆ ಅಂತ ಹೋದ ವರ್ಷ ನೋಡ್ಲಿಲ್ವಾ?"

ಪಿಳ್ಳಮ್ಮ ಗೌರೀಶನ ಕಡೆ ನೋಡಿದಳು. ಅವನಿಗೆ ಎಲ್ಲ ಗೊತ್ತು. ಅವನು ಚಾವಣಿಯ ಬೆಳಕಿನ ತೂತು ನೋಡುತ್ತ, "ಒಂದು ಹೆಸ್ರು ತಾನೆ ಅವ್ವ. ಬಾಯಿಗೇನು ಭಾರನಾ," ಎಂದ.

"ನಾಲ್ಗೆ ಒಣಗೈತೆ ಕಣೋ. ಆಮೇಲೆ ನೋಡಾನ."

ಆಗ ಯಶಶ್ರೀ ಪಕ್ಕಕ್ಕೆ ಬಂದು ಮಂಡಿಯೂರಿ, ಅಜ್ಜಿಯ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಅಜ್ಜಿ, ಶಿವಕುಮಾರಿ ಅತ್ತೆ ಹೆಸ್ರು ಬಿಟ್ಟೋದ್ರಿ. ಪಾಪ, ಮದ್ವೆ ಅನ್ನೋದೇ ನೋಡ್ದೆ ಹೋದ್ರಲ್ಲ ಅವ್ರು. ನನ್ನ ಮದ್ವೆಗಾದ್ರೂ ಬರ್ಲಿ ಅಜ್ಜಿ. ನಂಗೆ ಅವ್ರು ಬರ್ಬೇಕು." ಹುಡುಗಿಯ ಕಣ್ಣಲ್ಲಿ ನೀರಿತ್ತು. ಕಪಟವಿಲ್ಲದ ನೀರು. ಅದರ ಮುಂದೆ ಪಿಳ್ಳಮ್ಮನ ಸುಳ್ಳೆಲ್ಲ, ಮಂಡಿನೋವೆಲ್ಲ, ಒಣಗಿದ ನಾಲಿಗೆಯೆಲ್ಲ ಒಂದೇ ಸಲಕ್ಕೆ ಬತ್ತಿಹೋಯಿತು. ಬರಲಿ ಎನ್ನುತ್ತಿದ್ದಾಳಲ್ಲ, ಈ ಮನೆಯಲ್ಲಿ ಇಷ್ಟು ವರ್ಷದಲ್ಲಿ ಒಬ್ಬರಾದರೂ ಅವಳು ಬರಲಿ ಎಂದರಲ್ಲ. ಬದುಕಿದವಳನ್ನು ಕರೆಯುವುದಕ್ಕೆ ಈ ಮನೆಯಲ್ಲಿ ಒಂದು ಜಾಗವೂ ಇಲ್ಲ, ಬಂಗಾರದ ಅಕ್ಷರದ ಕಾಗದದಲ್ಲೂ ಇಲ್ಲ. ಇದೊಂದೇ ಜಾಗ, ಈ ಬೂದಿಯ ಮುಂದೆ. ಕರೆದರೆ ಕೊಂದಂತೆ, ಕರೆಯದಿದ್ದರೆ ಎಂದೂ ಕರೆಯದಂತೆ. ಹೀಗೆಲ್ಲ ಯೋಚಿಸಿದಳೋ, ಅಥವಾ ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆಂಬ ನಾಚಿಕೆ ಒಂದೇ ಇತ್ತೋ, ಆಮೇಲೆ ಎಷ್ಟು ನೆನೆದರೂ ಅವಳಿಗೆ ತಿಳಿಯಲಿಲ್ಲ. ಮಡಿಲಿನ ಎಲೆ ತೆಗೆದು ಹಾಸಿದಳು, ತುತ್ತಿಟ್ಟಳು.

"ಶಿವಕುಮಾರಿ," ಎಂದಳು. "ಬಾವ್ವ."

ಅಷ್ಟೇ. ಉಳಿದವರಿಗೆಲ್ಲ ಮಾರುದ್ದ ಕರೆದವಳು ಮಗಳಿಗೆ ಎರಡು ಮಾತಿನಲ್ಲಿ ಮುಗಿಸಿದಳು.

ಬಾಗಿಲೆಳೆದು ಹೊರಗೆ ಬೆನ್ನು ಮಾಡಿ ಕೂತರು. ಬೆಟ್ಟದ ಕೆಳಗೆ ಊರು, ಅದರಾಚೆ ಬಯಲು, ಗಾಜಿನಲ್ಲಿ ನೋಡಿದ ಹಾಗೆ. ಯಾರೂ ಮಾತಾಡಬಾರದು. ಪಿಳ್ಳಮ್ಮನ ಬೆನ್ನಿಗೆ ಬಾಗಿಲ ಸಂದಿಯ ತಂಪು ತಾಗುತ್ತಿತ್ತು. ಯಾರೂ ಬರದಿರಲಿ. ಎಲೆಗಳೆಲ್ಲ ಹಾಗೇ ಇರಲಿ, ಮುದ್ದೆ ಒಣಗಲಿ, ಹಿರಿಯರು ಮುನಿಸಿಕೊಂಡು ಅಲ್ಲೆಲ್ಲೋ ಬಿದ್ದಿರಲಿ. ಹಾಗೆಂದುಕೊಂಡ ಮರುಗಳಿಗೆ ಪಕ್ಕದಲ್ಲಿ ಹುಡುಗಿಯ ಬಳೆ ಸದ್ದಾಯಿತು. ಹಿರಿಯರು ಮುನಿದರೆ ಈ ಬಳೆ ಏನಾಗಬೇಕು. ಅಷ್ಟರಲ್ಲಿ ಒಳಗೆ ಎಲೆ ಸರಿದ ಸದ್ದು. ಯಾರೋ ಉಣ್ಣುವ ಸದ್ದು. ಯಶಶ್ರೀ ಅಜ್ಜಿಯ ತೋಳು ಗಟ್ಟಿಯಾಗಿ ಹಿಡಿದಳು.

ರಾಮಾಂಜಿನಪ್ಪ ಬಾಗಿಲು ತೆಗೆದ. ಮಾವನ ಎಲೆ, ಅತ್ತೆಯ ಎಲೆ, ಗಂಡನ ಎಲೆ, ಎಲ್ಲ ಇಟ್ಟ ಹಾಗೇ ಇದ್ದವು. ಕೊನೆಯ ಎಲೆ ಮಾತ್ರ ತೊಳೆದಿಟ್ಟ ಹಾಗೆ ಖಾಲಿ.

"ಆಹಾ!" ಎಂದ ರಾಮಾಂಜಿನಪ್ಪ, ಕೆನ್ನೆ ಬಡಿದುಕೊಂಡು. "ಬಂದವ್ಳೆ ನೋಡಿ! ಮೊದ್ಲು ಅವ್ಳೇ ಉಂಡವ್ಳೆ! ಎಷ್ಟು ಹಸ್ದಿತ್ತೋ ಜೀವ!"

"ಕೋತಿ," ಎಂದಳು ಪಿಳ್ಳಮ್ಮ. "ಕೋತಿ ತಿಂದಿರ್ತದೆ. ಮೇಲೆ ತೂತು ಐತಲ್ಲ."

"ಕೋತಿ ಬಂದ್ರೆ ಎಲ್ಲಾ ಎಲೆ ಹರ್ದು ಚೆಲ್ಲಾಪಿಲ್ಲಿ ಮಾಡ್ತಿತ್ತಲ್ವಾ ಅತ್ಗೆ. ಹಿರೇರ ಮುಂದೆ ಕೋತಿ ಗೀತಿ ಅನ್ಬ್ಯಾಡಿ."

ಯಶಶ್ರೀ ಖಾಲಿ ಎಲೆಯನ್ನು ಕಣ್ಣಿಗೊತ್ತಿಕೊಂಡಳು. ಗೌರೀಶ ಮಾತ್ರ ಹೊರಗೆ ಹೋಗಿ ಸುಮ್ಮನೆ ಕಾರಿನ ಕೀ ತಿರುವುತ್ತ ನಿಂತ.

ಇಳಿಯುವ ದಾರಿಯುದ್ದಕ್ಕೂ ಪಿಳ್ಳಮ್ಮ ನಗಬೇಕಾಯಿತು. ಹುಡುಗಿ ಸೀರೆಯ ಮಾತಾಡಿದಳು, ಮೆಹಂದಿಯ ಮಾತಾಡಿದಳು. ಪಿಳ್ಳಮ್ಮ ಹೂಂ ಎಂದಳು. ಕಣ್ಣೆದುರಿಗೆ ಒಂದು ಸ್ಕೂಟರ್ ಲಾರಿಯ ಕೆಳಗೆ ಹೋಗುತ್ತಿತ್ತು. ಸ್ಕೂಟರಿನವಳಿಗೆ ಜಡೆ ಇತ್ತು. ಇಲ್ಲ, ಕಚೇರಿಯ ಮೆಟ್ಟಿಲು. ಇಲ್ಲ, ಎದೆ ಹಿಡಿದುಕೊಂಡು ಮೇಜಿನ ಮೇಲೆ ತಲೆಯಿಟ್ಟಳು. ಒಂದನ್ನು ತಳ್ಳಿದರೆ ಇನ್ನೊಂದು. ಅವಳ ಬುದ್ಧಿಗೆ ಚಿಕ್ಕದಾಗಿ ಏನನ್ನೂ ಮಾಡಲು ಬಾರದು, ಸಾಯಿಸುವುದಾದರೂ ನೂರು ತರಹ ಸಾಯಿಸುತ್ತದೆ. ದೇವನಹಳ್ಳಿಯ ಹತ್ತಿರ ಒಂದು ಆಂಬುಲೆನ್ಸ್ ಕೂಗುತ್ತ ಬೆಂಗಳೂರಿನ ಕಡೆ ಹೋಯಿತು. ಅದರ ಹಿಂದೆ ಹೋಗು ಎನ್ನಬೇಕೆನಿಸಿತು. ಮಗನ ಮೊಬೈಲು ಮುಂದೆಯೇ ಹೊಳೆಯುತ್ತಿತ್ತು, ಆದರೆ ಯಾವ ನಂಬರಿಗೆ? ಕೋತಿ, ಕೋತಿ, ಎಂದು ರಾಮನಾಮದ ಹಾಗೆ ಜಪಿಸಿದಳು.

ಚಾಮರಾಜಪೇಟೆಗೆ ಬರುವಾಗ ಹೊತ್ತು ಇಳಿಯುತ್ತಿತ್ತು. ಆ ಅಡ್ಡರಸ್ತೆಯ ಬಾಯಿ. ಗೌರೀಶ ಈ ಸಲ ಹಾರನ್ ಬಾರಿಸಲಿಲ್ಲ.

"ಇಲ್ಲಿ ನಿಲ್ಸೋ. ದೇವಸ್ಥಾನಕ್ಕೆ ಒಂದು ಕಾಯಿ ಒಡೆಸ್ಬೇಕು."

"ನಾನೂ ಬರ್ತೀನಿ ಅಜ್ಜಿ," ಎಂದಳು ಯಶಶ್ರೀ.

"ನೀನು ಕೂತ್ಕೊ," ಎಂದ ಗೌರೀಶ, ಗದರಿದ ಹಾಗೆ. ಅಮ್ಮನ ಕಡೆ ನೋಡದೆ, "ಆಟೋ ಮಾಡ್ಕೊಂಡು ಬಂದ್ಬಿಡು," ಎಂದ. ಬಾಗಿಲು ಹಾಕಿದ ಮೇಲೂ ಕಾರು ಒಂದು ಗಳಿಗೆ ನಿಂತೇ ಇತ್ತು. ಆಮೇಲೆ ಹೋಯಿತು.

ಮನೆ ಅವಳು ಎಂದೂ ನೋಡಿದ್ದಲ್ಲ. ಹಸಿರು ಗೇಟು, ಎದುರಿಗೆ ಹೊಂಗೆ ಮರ ಎಂದು ಮಗಳು ಅವರೆಕಾಯಿಗೆ ಹೇಳಿದ್ದಷ್ಟೇ. ಮುಂದೆ ಜನ ಸೇರಿರಲಿಲ್ಲ, ಶಾಮಿಯಾನ ಇರಲಿಲ್ಲ, ಬೆಂಕಿ ಹಾಕಿರಲಿಲ್ಲ. ಆದರೂ ಬಾಗಿಲನ್ನು ಒಂದೇ ಒಂದು ಸಲ, ಮೆಲ್ಲಗೆ ತಟ್ಟಿದಳು. ತೆಗೆದದ್ದು ವಯಸ್ಸಾದ ಗಂಡಸು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಮಡಿಸಿದ ಪೇಪರ್. ಚಿದಂಬರನ ಅಪ್ಪ ವೆಂಕಟಪ್ಪನೇ ಇರಬೇಕು. ಅವನ ಹಿಂದೆ ಗೋಡೆಯ ಮೇಲೆ ಬುದ್ಧನ ಪಟ.

"ಯಾರು ಬೇಕಿತ್ತಮ್ಮ?"

ಬಾಯಿ ತೆರೆದಳು. ಹೆಸರು ಬರಲಿಲ್ಲ. ಬೆಳಿಗ್ಗೆಯಿಂದ ನಾಲಿಗೆಯ ಮೇಲೆ ಕೂತಿದ್ದು ಈಗ ಬೇಕೆಂದಾಗ ಎಲ್ಲೂ ಇಲ್ಲ. "ಇದಾಳಾ?" ಎಂದಳು.

ವೆಂಕಟಪ್ಪ ಅವಳ ಮುಖವನ್ನು, ಮೂಗನ್ನು, ಗದ್ದವನ್ನು ನೋಡಿದ. ಪೇಪರು ಇಳಿಸಿದ. "ಇದಾಳೆ," ಎಂದ. "ಈಗ ಆಫೀಸಿಂದ ಬಂದ್ಲು. ಬನ್ನಿ, ಒಳಗೆ ಬನ್ನಿ."

ಇದಾಳೆ. ಪಿಳ್ಳಮ್ಮ ತನ್ನಷ್ಟಕ್ಕೆ ಅದನ್ನೇ ಅಂದುಕೊಂಡಳು. ಇದಾಳೆ. ಹಿಂದೆಂದೂ ಕೇಳದ ಮಾತಿನ ಹಾಗೆ ಅದನ್ನು ಒಳಗೆ ತಿರುವಿ ತಿರುವಿ ನೋಡಿದಳು. ಆಮೇಲೆ ಒಳಗೆ ಹೋಗಲೆಂದು ಕಾಲೆತ್ತಹೋದಳು, ಕಾಲು ಏಳಲಿಲ್ಲ. ಮನಸ್ಸಿನಲ್ಲಿ ಏನೂ ಇರಲಿಲ್ಲ, ದೇವರಾಣೆಗೂ ಇರಲಿಲ್ಲ. ಕಾಲೊಂದು ಹೊಸಿಲ ಹೊರಗೆ, ಹೇಳಿದ ಮಾತು ಕೇಳದ ಎತ್ತಿನ ಹಾಗೆ ನಿಂತುಬಿಟ್ಟಿತು. ಅವಳು ಕಾಲನ್ನೇ ನೋಡಿದಳು. ವೆಂಕಟಪ್ಪನೂ ನೋಡಿದ. ಅವನಿಗೆ ಅದು ಹೊಸದಲ್ಲ. "ಪರವಾಗಿಲ್ಲಮ್ಮ, ಇಲ್ಲೇ ಗಾಳಿ ಚೆನ್ನಾಗಿದೆ," ಎಂದು ಒಳಗಿಂದ ಕುರ್ಚಿ ತಂದು ಹೊರಗೆ ಹಾಕಿದ. ಕೂರುವ ಜಾಗವನ್ನು ಪೇಪರಿನಿಂದ ಒರೆಸಿದ. ಅವಳು ಕೂತಳು. ಭೂಮಿ ಬಾಯಿ ಬಿಡಬಹುದಿತ್ತು, ಬಿಡಲಿಲ್ಲ.

ಶಿವಕುಮಾರಿ ಕೈ ಒರೆಸಿಕೊಳ್ಳುತ್ತ ಬಂದಳು. ಅವರೆಕಾಯಿ ಇಲ್ಲದೆ ಮಗಳ ಮುಖ ನೇರವಾಗಿ ನೋಡಿ ಎಷ್ಟೋ ಕಾಲವಾಗಿತ್ತು. ಕಣ್ಣಿನ ಕೆಳಗೆ ಕಪ್ಪು, ಕಿವಿಯ ಮೇಲೆ ನರೆ. ಮಗಳು ಕುರ್ಚಿಯನ್ನು ನೋಡಿದಳು, ಅದನ್ನು ಹಾಕಿದ್ದು ಹೊಸಿಲ ಹೊರಗೆ ಎಂಬುದನ್ನು ನೋಡಿದಳು, ಅವ್ವನ ಸೀರೆಯ ಅಂಚಿಗೆ ಹತ್ತಿದ್ದ ಬೂದಿ ನೋಡಿದಳು.

"ಹದ್ದುಗಲ್ಲಿಂದ ಬಂದ್ಯಾ?"

"ಹೂಂ."

"ಕರೆದ್ಯಾ?"

"ಇಲ್ಲ."

ಶಿವಕುಮಾರಿ ಕಾದಳು. ಬೆಟ್ಟ ಬಂದು ಎದೆಯ ಮೇಲೆ ಕೂತ ಕಥೆ ಬರಬೇಕು, ಮೈದುನನ ಸೊಟ್ಟಬಾಯಿ ಬರಬೇಕು, ಒಲೆ ಎದ್ದು ಓಡಾಡಿದ್ದು ಬರಬೇಕು. ಪಿಳ್ಳಮ್ಮನೂ ಅದನ್ನೆಲ್ಲ ಹುಡುಕಿದಳು. ಹೇಳಬೇಕು, ಏನಾದರೂ ಹೇಳಬೇಕು, ಒಂದು ಕೋತಿಯನ್ನಾದರೂ ಎಳೆದು ತಂದು ಕುಣಿಸಬೇಕು. ಬಾಯಿ ತೆರೆದು ಮುಚ್ಚಿದಳು.

"ಬರೀ ಇಲ್ಲಾನಾ?" ಎಂದಳು ಮಗಳು.

ಪಿಳ್ಳಮ್ಮ ಹೌದೆಂದು ತಲೆಯಾಡಿಸಿದಳು.

ಶಿವಕುಮಾರಿ ಕಿರುಚಲಿಲ್ಲ, ಅಳಲಿಲ್ಲ. ತಾಯಿಯ ಸೆರಗು ಭುಜದಿಂದ ಜಾರಿದ್ದನ್ನು ಸರಿಮಾಡಿದಳು. ಅವಳ ಬೆರಳು ಬೆಚ್ಚಗಿತ್ತು. "ಸತ್ತೋರು ತರಕಾರಿ ತಗೊಳ್ಳಲ್ಲ ಅವ್ವ," ಎಂದಳು ಮೆಲ್ಲಗೆ. "ಇನ್ಮೇಲೆ ಗುರುವಾರ ಬರ್ಬ್ಯಾಡ." ಒಳಗೆ ಹೋದಳು.

ವೆಂಕಟಪ್ಪ ಬಾಗಿಲಲ್ಲಿ ನಿಂತಿದ್ದ. "ನೀರು... ಕುಡೀತೀರಾ?" ಎಂದ, ಕೇಳಬಹುದೋ ಬಾರದೋ ಎಂಬ ಹಾಗೆ. ಪಿಳ್ಳಮ್ಮ ಕೈ ಚಾಚಿದಳು. ಸ್ಟೀಲಿನ ಲೋಟ ತಂದು ಅವಳ ಕೈಗೇ ಕೊಟ್ಟ. ಅವಳು ಎತ್ತಿ ಹುಯ್ದುಕೊಳ್ಳಲಿಲ್ಲ, ಕಚ್ಚಿಯೇ ಕುಡಿದಳು, ಕೊನೆಯ ಹನಿಯವರೆಗೂ. ಅಷ್ಟರಲ್ಲಿ ಒಳಗಿಂದ "ಮಾವ, ಸೊಳ್ಳೆ ಬರ್ತವೆ, ಬಾಗ್ಲು ಹಾಕಿ" ಎಂದು ಮಗಳ ದನಿ ಬಂತು. ಮುದುಕ ಒಳಗೆ ನೋಡಿದ, ಇವಳನ್ನು ನೋಡಿದ, ಸದ್ದಾಗದ ಹಾಗೆ ಬಾಗಿಲು ಮುಂದೆ ಮಾಡಿದ.

ಬೀದಿದೀಪ ಹತ್ತಿತು. ಖಾಲಿ ಲೋಟ ಪಿಳ್ಳಮ್ಮನ ಕೈಯಲ್ಲೇ ಉಳಿದಿತ್ತು. ಕುರ್ಚಿಯ ಮೇಲಿಟ್ಟು ಹೋದರೆ ಯಾರಾದರೂ ಎತ್ತಿಕೊಂಡು ಹೋದಾರು. ವಾಪಸು ಕೊಡಬೇಕೆಂದರೆ ಒಳಗಿರುವವರನ್ನು ಹೆಸರು ಹಿಡಿದು ಕರೆಯಬೇಕು.